ನೀರಾಳಿನ ಸೈಕಲ್ಲು

ಬಸ್ಸಾನೋ, ಅಕ್ಟೋಬರ್ 12, 2008

ಮಾನ್ಯ ದುಯಿಲಿಯೋ ಝಾಂಕೆಟ್ಟಾ ಅವರಿಗೆ,

ನಾನು ಅಂಪೇಲಿಯೋ ವೆಂದ್ರಾಮಿನ್ ಅವರ ಮಗಳು ಮಿರೆಲ್ಲಾ. ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ನೋಡಿರುವುದು ನಮ್ಮ ಮನೆಯ ಗೋಡೆಯ ಮೇಲೆ ಮಾತ್ರ. ವಾಂಪಾ ಒಲೆ ಕಂಪನಿಯ ಸೈಕಲ್ ತಂಡದ ಫೋಟೋದಲ್ಲಿ ಅಪ್ಪನ ಎಡಕ್ಕೆ ನಿಂತಿರುವ, ಕಿವಿ ದೊಡ್ಡದಾದ ಹುಡುಗ ನೀವೇ ಎಂದು ಅಮ್ಮ ಹೇಳುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಈಗ ಹಿರಿಯರ ಆಶ್ರಮದಲ್ಲಿದ್ದಾರೆ. ಒಂದೇ ಒಂದು ಪದ ಉಳಿದಿದೆ: ‘ನೀರು’. ಹಸಿದರೂ ನೀರು, ಕಿಟಕಿ ಮುಚ್ಚಬೇಕೆಂದರೂ ನೀರು. ದಾದಿಯರು ಲೋಟ ಹಿಡಿದು ಓಡಿ ಬರುತ್ತಾರೆ, ಅಪ್ಪ ಕುಡಿಯುವುದಿಲ್ಲ.

ಮನೆ ಖಾಲಿ ಮಾಡುವಾಗ ಹಿತ್ತಿಲ ಕೊಟ್ಟಿಗೆಯಲ್ಲಿ, ವೈನಿನ ಪೀಪಾಯಿಗಳ ಹಿಂದೆ, ಗೋಣಿ ಹೊದಿಸಿಟ್ಟ ಸೈಕಲ್ ಸಿಕ್ಕಿತು. 1962ರಲ್ಲಿ ಅಪ್ಪ ಮೂರು ಹೊಳೆಗಳ ಕಪ್ ಗೆದ್ದ ಸೈಕಲ್ಲೇ ಇದು. ಗೇರು ತುಕ್ಕು ಹಿಡಿದಿದೆ, ಬ್ರೇಕ್ ಒಂದು ಕಡೆ ಮಾತ್ರ ಇದೆ, ಹ್ಯಾಂಡಲ್ಲಿನ ಪಟ್ಟಿಯನ್ನು ಇಲಿ ತಿಂದಿದೆ. ಮೇ ತಿಂಗಳಲ್ಲಿ ಅವರಿಗೆ ಎಪ್ಪತ್ತೈದು. ಅಷ್ಟರಲ್ಲಿ ಇದನ್ನು ಮೊದಲಿನ ಹಾಗೆ ಕಟ್ಟಿಸಿ ಪುರಭವನದಲ್ಲಿ ಇಡಬೇಕೆಂದು ಮೇಯರ್ ಕೇಳಿದ್ದಾರೆ. ನಾನು ಔಷಧಿ ಅಂಗಡಿಯವಳು. ಮಾತ್ರೆ ಗೊತ್ತು, ಸೈಕಲ್ ಗೊತ್ತಿಲ್ಲ. ಯಾವ ಭಾಗ ಅಸಲಿ, ಯಾವುದು ಆಮೇಲೆ ಸೇರಿದ್ದು, ಯಾವ ಗೇರು ಹುಡುಕಬೇಕು, ಇದನ್ನೆಲ್ಲ ಹೇಳಬಲ್ಲವರು ನೀವೊಬ್ಬರೇ ಉಳಿದಿದ್ದೀರಿ. ಅಪ್ಪ ಹಿಂದೊಮ್ಮೆ ನಿಮ್ಮ ಬಗ್ಗೆ ಹೇಳಿದ್ದರು: “ದುಯಿಲಿಯೋಗೆ ಎಲ್ಲಾ ನೆನಪಿರುತ್ತೆ. ಅದೇ ಅವನ ಕಾಯಿಲೆ.”

ಸಹಾಯ ಮಾಡುತ್ತೀರಾ?

ಗೌರವದಿಂದ,
ಮಿರೆಲ್ಲಾ ವೆಂದ್ರಾಮಿನ್


ರೋವೀಗೋ, ಅಕ್ಟೋಬರ್ 20, 2008

ಪ್ರಿಯ ಮಿರೆಲ್ಲಾ,

ಕಿವಿ ಈಗ ಇನ್ನೂ ದೊಡ್ಡದಾಗಿದೆ. ಉಳಿದದ್ದೆಲ್ಲ ಕುಗ್ಗಿದೆ.

ನಿನ್ನ ಪತ್ರ ಓದಿ ಸಂತೋಷವಾಯಿತು ಎಂದು ಬರೆದರೆ ಅದು ಪೂರ್ತಿ ಸತ್ಯವಲ್ಲ. ಆದರೆ ಒಂದು ಸೈಕಲ್ಲಿನ ಬಗ್ಗೆ ಯಾರಾದರೂ ನನ್ನನ್ನು ಸರಿಯಾದ ಪ್ರಶ್ನೆ ಕೇಳಿ ಎಷ್ಟೋ ಕಾಲವಾಗಿತ್ತು. ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರಿಸಬೇಡ. ನಿನ್ನ ಅಪ್ಪನ ಬಟ್ಟೆಯನ್ನು ಹೋಟೆಲಿನ ಕೈತೊಳೆಯುವ ತೊಟ್ಟಿಗಳಲ್ಲಿ ಒಗೆದವನು ನಾನು, ಅಷ್ಟು ಸಲಿಗೆ ಇದ್ದೀತು.

ಮೊದಲನೆಯ ಮಾತು: ಯಾವುದನ್ನೂ ಹೊಳೆಯಿಸಬೇಡ. ನಮ್ಮ ದೇಶದಲ್ಲಿ ಹಳೆಯ ವಸ್ತುವಿಗೆ ಮರ್ಯಾದೆ ಕೊಡುವುದೆಂದರೆ ಅದು ಹಳೆಯದೆಂಬ ಗುರುತನ್ನೇ ಅಳಿಸಿಬಿಡುವುದು. ಇಲ್ಲಿನ ಇಗರ್ಜಿಯಲ್ಲಿ ಒಬ್ಬ ಸಂತನ ಗೋಡೆಚಿತ್ರವಿತ್ತು. ದುರಸ್ತಿಯಾದ ಮೇಲೆ ಅವನು ಟೂತ್‌ಪೇಸ್ಟಿನ ಜಾಹೀರಾತಿಗೆ ನಿಂತವನಂತೆ ನಗುತ್ತಿದ್ದಾನೆ. ಸಂಸ್ಕೃತಿ ಇಲಾಖೆಯವರು ಬಂದು ಫಲಕ ಹಾಕಿ ಊಟ ಮಾಡಿ ಹೋದರು.

ಎರಡನೆಯದು: ಫ್ರೇಮಿನ ಮೇಲೆ ಬರೆದ ಹೆಸರನ್ನು ನಂಬಬೇಡ. ಅಲ್ಲಿ ಮಿಲಾನಿನ ಕಾರ್ಖಾನೆಯ ಹೆಸರಿರುತ್ತದೆ. ಆ ಕಾಲದಲ್ಲಿ ಬಣ್ಣದ ಮೇಲಿನ ಹೆಸರು ತಂಡಕ್ಕೆ ದುಡ್ಡು ಹಾಕಿದವರದು, ಬೆಸುಗೆ ಇನ್ನೊಬ್ಬನದು. ನಮ್ಮ ತಂಡದ ಎಲ್ಲ ಸೈಕಲ್ಲುಗಳನ್ನೂ ಕಟ್ಟಿದವನು ಚಿತ್ತಾದೆಲ್ಲಾದ ಬೇಪಿ ತೆಸ್ಸಾರಿ, ಕೋಳಿಗೂಡಿಗೆ ಅಂಟಿಕೊಂಡ ಕೋಣೆಯಲ್ಲಿ. ಕೊಳವೆಗಳು ಕೂಡುವ ಕಡೆ ಉಕ್ಕಿನ ತೋಳು ತೊಡಿಸಿ ಹಿತ್ತಾಳೆಯಿಂದ ಬೆಸೆಯುತ್ತಾರಲ್ಲ, ಆ ತೋಳಿನ ತುದಿ ನೋಡು. ದ್ರಾಕ್ಷಿ ಎಲೆಯ ಮೊನೆಯ ಹಾಗೆ ತೆಳುವಾಗಿ ಅರ ಹಾಕಿದ್ದರೆ ಅದು ಬೇಪಿಯ ಕೈ. ಬೇರೆ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ. ಅವನು ಸತ್ತಾಗ ಮಿಲಾನಿನಿಂದ ಒಂದು ಹೂವೂ ಬರಲಿಲ್ಲ.

ಮೂರನೆಯದು: ಫ್ರೇಮಿನ ಅಳತೆ, ಸೀಟನ್ನು ಹಿಡಿದಿರುವ ಕಂಬಿಯ ಫೋಟೋ, ಮತ್ತು ಎಲ್ಲೆಲ್ಲಿ ಬಣ್ಣ ಸವೆದಿದೆಯೋ ಆ ಜಾಗಗಳ ಫೋಟೋ ಕಳಿಸು. ಸೈಕಲ್ಲು ಎಲ್ಲಿ ಸವೆದಿದೆ ಎಂಬುದರಿಂದ ಅದನ್ನು ಯಾರು ತುಳಿದರು ಎಂದು ತಿಳಿಯುತ್ತದೆ. ಕಾಗದದಲ್ಲೇ ಕಳಿಸು. ನನ್ನ ಬಳಿ ಕಂಪ್ಯೂಟರ್ ಇಲ್ಲ, ಇರುವುದೂ ಇಲ್ಲ.

ನಿನ್ನ,
ದುಯಿಲಿಯೋ ಝಾಂಕೆಟ್ಟಾ


ಬಸ್ಸಾನೋ, ನವೆಂಬರ್ 3, 2008

ಪ್ರಿಯ ದುಯಿಲಿಯೋ ಅವರೇ,

ದ್ರಾಕ್ಷಿ ಎಲೆಯ ಮೊನೆ ಸಿಕ್ಕಿತು! ತಲೆಗೂದಲು ಒಣಗಿಸುವ ಯಂತ್ರ ಹಿಡಿದು ಜಿಡ್ಡು ಕರಗಿಸಿ ನೋಡಿದೆ. ಅಂಗಡಿಯ ಹುಡುಗಿಯರು ನಗುತ್ತಿದ್ದರು. ಸಂಜೆ ಆಶ್ರಮಕ್ಕೆ ಹೋಗಿ ಅಪ್ಪನಿಗೆ ನಿಮ್ಮ ಪತ್ರ ಓದಿ ಹೇಳಿದೆ. ಬೇಪಿಯ ಹೆಸರು ಬಂದಾಗ ಕಣ್ಣು ಮಿಟುಕಿಸಿದರು. ನಿಮ್ಮ ಹೆಸರು ಬಂದಾಗ “ನೀರು” ಅಂದರು. ಖುಷಿಯಾಗಿರಬೇಕು.

ಫೋಟೋಗಳು ಇದರೊಂದಿಗಿವೆ. ಸೀಟಿನ ಕೆಳಗಿನ ಕೊಳವೆ ಐವತ್ತೇಳು ಸೆಂಟಿಮೀಟರ್. ಹ್ಯಾಂಡಲ್ಲಿನ ಎದುರು ಎರಡು ಕಡೆ, ಕೆಳಗಿನ ಓರೆ ಕೊಳವೆಯ ಮೇಲೆ ಒಂದು ಕಡೆ, ಯಾವುದೋ ಪಟ್ಟಿ ಬಿಗಿದು ಬಣ್ಣ ತಿಂದುಹೋಗಿದೆ. ಸೀಟಿನ ಕಂಬಿಯ ಮೇಲೆ ಅರದಿಂದ ಎಳೆದಂತೆ ಅಡ್ಡಗೆರೆಗಳಿವೆ, ಎರಡು. ಮೇಲಿನದು ಆಳವಾಗಿದೆ. ಇನ್ನೊಂದು ತೀರಾ ಕೆಳಗೆ, ಕಂಬಿಯ ತುದಿಯ ಹತ್ತಿರ. ಇವು ಏನು?

ನಿಮ್ಮ ಮಿರೆಲ್ಲಾ


ರೋವೀಗೋ, ನವೆಂಬರ್ 9, 2008

ಮಿರೆಲ್ಲಾ,

ಕೊಳವೆಯ ಅಳತೆ ಇನ್ನೊಮ್ಮೆ ತೆಗೆ. ಪೆಡಲಿನ ಇರುಸಿನ ನಡುವಿನಿಂದ ಮೇಲಿನ ಅಡ್ಡ ಕೊಳವೆಯ ನಡುವಿನವರೆಗೆ. ಬಟ್ಟೆ ಹೊಲಿಯುವವರ ಟೇಪು ಬೇಡ, ಗಟ್ಟಿ ಅಳತೆಪಟ್ಟಿ ತಗೋ.

ದು. ಝಾ.


ಬಸ್ಸಾನೋ, ನವೆಂಬರ್ 18, 2008

ಪ್ರಿಯ ದುಯಿಲಿಯೋ ಅವರೇ,

ಪಕ್ಕದ ಬಡಗಿಯನ್ನು ಕರೆಸಿ ಅಳತೆ ತೆಗೆಸಿದೆ. ಐವತ್ತೇಳೇ. ಅಪ್ಪ ಆರಡಿಗೂ ಮೇಲಿನ ಆಳು, ಇಷ್ಟು ಚಿಕ್ಕದರ ಮೇಲೆ ಹೇಗೆ ಕೂರುತ್ತಿದ್ದರೋ ಎಂದು ಬಡಗಿ ನಕ್ಕ. ಆಗಿನವರು ಬೇರೆ ಥರ ಕೂರುತ್ತಿದ್ದರೇನೋ, ಅಲ್ಲವೇ?

ಸುದ್ದಿ ಇನ್ನೊಂದಿದೆ. ಇದಕ್ಕೆ ಒಪ್ಪುವ ಕ್ಯಾಂಪಗ್ನೋಲೊ ಕಂಪನಿಯ ಗೇರು ವಿಚೆನ್ಸಾದ ಸಂತೆಯಲ್ಲಿ ಸಿಕ್ಕಿದೆ, ನೀವು ಹೇಳಿದರೆ ಕೊಳ್ಳುತ್ತೇನೆ. ಆದರೆ ನಿಮ್ಮ ಕಳೆದ ಪತ್ರ ಅಷ್ಟು ಚಿಕ್ಕದಿತ್ತಲ್ಲ, ಮೈಗೆ ಹುಷಾರಿಲ್ಲವೇ?

ನಿಮ್ಮ ಮಿರೆಲ್ಲಾ


ರೋವೀಗೋ, ಡಿಸೆಂಬರ್ 14, 2008

ಮಿರೆಲ್ಲಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಮೂವತ್ತು ವರ್ಷ ಪಾದುವಾದ ಪತ್ರಿಕೆಯೊಂದರಲ್ಲಿ ಬೇರೆಯವರ ಕರಡು ತಿದ್ದಿದವನಿಗೆ ತನ್ನದನ್ನು ತಿದ್ದಲು ಬರುವುದಿಲ್ಲ. ನೇರವಾಗಿ ಬರೆಯುತ್ತೇನೆ.

ಆ ಸೈಕಲ್ಲು ನಿನ್ನ ಅಪ್ಪನದಲ್ಲ. ನನ್ನದು.

ನಿನ್ನ ಅಪ್ಪನ ಫ್ರೇಮುಗಳನ್ನು ಬೇಪಿ ಐವತ್ತೊಂಬತ್ತಕ್ಕಿಂತ ಕಡಿಮೆ ಕಟ್ಟುತ್ತಿರಲಿಲ್ಲ. ಐವತ್ತೇಳು ನನ್ನ ಅಳತೆ. ಹ್ಯಾಂಡಲ್ಲಿನ ಎದುರು ಎರಡು ಬಾಟಲಿ, ಓರೆ ಕೊಳವೆಯ ಮೇಲೆ ಒಂದು ಬಾಟಲಿ ಹೊರುತ್ತಿದ್ದದ್ದು ನಾಯಕನಲ್ಲ, ನೀರಾಳು. ನಮ್ಮನ್ನು ಹಾಗೇ ಕರೆಯುತ್ತಿದ್ದರು. ನಾಯಕನಿಗೆ ನೀರು ತರುವುದು, ಗಾಳಿಗೆ ಅಡ್ಡ ನಿಲ್ಲುವುದು, ಅವನ ಚಕ್ರ ಪಂಕ್ಚರಾದರೆ ನಮ್ಮದನ್ನು ಕಳಚಿ ಕೊಡುವುದು. ಸಂಬಳ ಅದಕ್ಕೇ. ಇದರಲ್ಲಿ ಅವಮಾನವೇನೂ ಇರಲಿಲ್ಲ, ಈಗಲೂ ಇಲ್ಲ.

ಸೀಟಿನ ಕಂಬಿಯ ಗೆರೆಗಳು ಏನೆಂದು ಕೇಳಿದ್ದೆ. ಕಂಬಿಯನ್ನು ಬಿಚ್ಚಿ ಮತ್ತೆ ಹಾಕುವಾಗ ಅವನವನ ಎತ್ತರ ತಪ್ಪಬಾರದೆಂದು ತಂಡದ ಮೆಕ್ಯಾನಿಕ್ ಓರೆಸ್ತೆ ಪ್ರತಿಯೊಬ್ಬನಿಗೂ ಒಂದು ಗೆರೆ ಎಳೆಯುತ್ತಿದ್ದ. ಒಂದು ಸೈಕಲ್ಲಿಗೆ ಒಬ್ಬ ಸವಾರ, ಒಂದು ಗೆರೆ. ಆ ಆಳವಾದ ಮೇಲಿನ ಗೆರೆ ನನ್ನದು. ಕೆಳಗಿನದು ಕಂಬಿಯನ್ನು ಮಿತಿಮೀರಿ ಹೊರಗೆಳೆದವನದು. ಇನ್ನೊಂದು ಬೆರಳಗಲ ಎಳೆದಿದ್ದರೆ ಕಂಬಿ ಕೈಗೇ ಬರುತ್ತಿತ್ತು.

ಆ ದಿನ ಕೊನೆಯ ಏರಿನ ಮೊದಲು ಮಂಜು ಇಳಿದಿತ್ತು. ನಾವಿಬ್ಬರೇ ಮುಂದಿದ್ದೆವು. ಜಲ್ಲಿಯ ತಿರುವಿನಲ್ಲಿ ನಿನ್ನ ಅಪ್ಪನ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಬಿರುಕು ಬಿಟ್ಟಿತು. ಅವನು ಬೀಳಲಿಲ್ಲ, ಅಷ್ಟು ಒಳ್ಳೆಯ ಸವಾರ. ಕಾಲೂರಿ ನಿಂತು ಕೂಗಿದ:

“ಏಯ್, ಇಳಿ!”

“ಚಕ್ರ ಬೇಕಾ?”

“ಚಕ್ರ ತಗೊಂಡು ಏನ್ ಮಾಡ್ಲಿ, ಫೋರ್ಕೇ ಹೋಯ್ತು. ಇಳಿಯೋ ಬೇಗ!”

“ಸೈಕಲ್ ಬದಲಾಯಿಸಿದ್ರೆ ಓಟದಿಂದ ತೆಗೆದ್ಹಾಕ್ತಾರೆ, ಅಂಪೇಲಿಯೋ.” ಮೂರು ಹೊಳೆಗಳ ಕಪ್ಪಿನ ನಿಯಮ ಅದು. ಜೊತೆಗಾರನ ಚಕ್ರ ಪಡೆಯಬಹುದು, ಸೈಕಲ್ ಪಡೆಯುವಂತಿಲ್ಲ.

“ಯಾರ್ ನೋಡ್ತಾರೆ ಈ ಮಂಜಲ್ಲಿ, ನಿಮ್ಮಮ್ಮನಾ? ಮೊದ್ಲು ನಂಬರ್ ತಗಡು ಬಿಚ್ಚು. ಸೀಟು ಎತ್ತು.”

ಸ್ಪಾನರ್ ನನ್ನ ಬೆನ್ನಿನ ಜೇಬಿನಲ್ಲೇ ಇತ್ತು. ನನ್ನ ಸೀಟನ್ನು ನಾನೇ ಅವನಿಗಾಗಿ ಎತ್ತಿ ಬಿಗಿದೆ. ಅವನು ತನ್ನ ನಂಬರ್ ತಗಡನ್ನು ನನ್ನ ಫ್ರೇಮಿಗೆ ಸಿಕ್ಕಿಸಿಕೊಂಡ. ಗಾಬರಿಯಲ್ಲಿ ಯಾರಿಗೂ ತಗಡಿನ ನೆನಪಾಗುವುದಿಲ್ಲ, ಮಿರೆಲ್ಲಾ. ಅವನಿಗೆ ಆಯಿತು. ನನ್ನ ಬಾಟಲಿಗಳೂ ಅವನ ಜೊತೆ ಹೋದವು. ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿರದ ಹಳ್ಳಿಯವರೆಗೆ ನಡೆದೆ. ಅಲ್ಲಿನ ಹೋಟೆಲಿನ ರೇಡಿಯೋದಲ್ಲಿ ಕೇಳಿದೆ, ವೆಂದ್ರಾಮಿನ್ ಒಬ್ಬನೇ ಗೆದ್ದ ಎಂದು. ಹೋಟೆಲಿನವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮವನು ಗೆದ್ದಿದ್ದ.

ಸಂಜೆ ಊಟದ ಮೇಜಿನಲ್ಲಿ ತಂಡದ ಯಜಮಾನ ಎಲ್ಲರೆದುರು ಹೇಳಿದ: “ಝಾಂಕೆಟ್ಟಾ, ನೀನು ಚರಂಡಿಗೆ ಬಿದ್ದು ಸೈಕಲ್ ಮುರ್ಕೊಂಡೆ. ತಿಳೀತಾ?”

“ಎಲ್ಲಿ ಬಿದ್ದೆ ಅನ್ಬೇಕು, ಸಾರ್?”

“ನಿಂಗೆ ಇಷ್ಟ ಬಂದ ಕಡೆ ಬೀಳಪ್ಪ.”

ಮೇಜೆಲ್ಲ ನಕ್ಕಿತು. ನಿನ್ನ ಅಪ್ಪನೂ ನಕ್ಕ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಊಟವಾದ ಮೇಲೆ ಕೋಣೆಗೆ ಬಂದು ಒಂದು ಮಾತು ಹೇಳುತ್ತಾನೆ ಎಂದುಕೊಂಡೆ. ಬರಲಿಲ್ಲ. ಮರುದಿನ ಓರೆಸ್ತೆ ಅವನ ಎತ್ತರಕ್ಕೆ ಎರಡನೆಯ ಗೆರೆ ಎಳೆದ, ನನ್ನ ಹೆಸರನ್ನು ಕೆರೆದು ಅವನ ಹೆಸರು ಅಂಟಿಸಿದ. ಎಲ್ಲ ಸೈಕಲ್ಲಿಗೂ ಒಂದೇ ಕೆಂಪು ಬಣ್ಣ, ಯಾರಿಗೆ ಗೊತ್ತಾಗಬೇಕು? ಗೆದ್ದ ಸೈಕಲ್ಲೆಂದು ಅದು ನಿಮ್ಮ ಕೊಟ್ಟಿಗೆ ಸೇರಿತು. ಆ ಚಳಿಗಾಲ ನನ್ನನ್ನು ತಂಡದಿಂದ ಕೈಬಿಟ್ಟರು. ಕಾರಣ: ಸೈಕಲ್ ಮುರಿಯುತ್ತಾನೆ, ಇಳಿಜಾರಿನಲ್ಲಿ ಭರವಸೆಯಿಲ್ಲ. ಬೇರೆ ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ‘ಚರಂಡಿ ಝಾಂಕೆಟ್ಟಾ’ ಎಂಬ ಹೆಸರು ನನ್ನ ಮದುವೆಯ ಊಟಕ್ಕೂ ಬಂತು, ನಗೆಯೊಂದಿಗೆ.

ಓಟದ ಬೆಳ್ಳಿಹಬ್ಬಕ್ಕೆ ನಮ್ಮ ಪತ್ರಿಕೆಯೇ ಇಡೀ ಪುಟದ ಲೇಖನ ಹಾಕಿತು. ಕರಡು ನನ್ನ ಮೇಜಿಗೇ ಬಂತು. ‘ಎಡವಟ್ಟು ಝಾಂಕೆಟ್ಟಾ ಚರಂಡಿ ಸೇರಿದ ಮೇಲೆ ವೀರ ವೆಂದ್ರಾಮಿನ್ ಒಂಟಿಯಾದ’ ಎಂದಿತ್ತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನು ತಿದ್ದಿದೆ. ಉಳಿದದ್ದನ್ನು ಬಿಟ್ಟೆ. ವಾಸ್ತವಾಂಶ ತಿದ್ದುವ ಅಧಿಕಾರ ಕರಡು ತಿದ್ದುವವನಿಗೆ ಇರಲಿಲ್ಲ.

ನನಗೆ ಸೈಕಲ್ ಬೇಡ. ಕಪ್ಪೂ ಬೇಡ, ಅವನಷ್ಟು ವೇಗವಾಗಿ ನಾನು ಆ ಏರು ಏರುತ್ತಿರಲಿಲ್ಲ. ಪುರಭವನದಲ್ಲಿ ಸೈಕಲ್ಲಿನ ಕೆಳಗೆ ಒಂದು ಫಲಕ ಇಡುತ್ತೀಯಲ್ಲ, ಅದರಲ್ಲಿ ಎರಡು ಸಾಲು ಬೇಕು: ಈ ಸೈಕಲ್ಲು ದುಯಿಲಿಯೋ ಝಾಂಕೆಟ್ಟಾನದು. ಅವನು ಬೀಳಲಿಲ್ಲ.

ದುಯಿಲಿಯೋ


ಬಸ್ಸಾನೋ, ಜನವರಿ 8, 2009

ಝಾಂಕೆಟ್ಟಾ ಅವರೇ,

ನಿಮ್ಮ ಪತ್ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಬಂತು. ಒಳ್ಳೆಯ ಉಡುಗೊರೆ.

ನಾನು ನಿಮ್ಮಿಂದ ಗೇರಿನ ಹೆಸರು ಕೇಳಿದೆ. ನೀವು ನನ್ನ ಅಪ್ಪನನ್ನು ಕಳ್ಳ ಅಂದಿರಿ. ನಲವತ್ತಾರು ವರ್ಷ ಅವರಿಗೆ ಬಾಯಿ ಇತ್ತು, ವಿಳಾಸ ಇತ್ತು, ಫೋನ್ ಇತ್ತು. ಆಗ ನೀವು ಬರೆಯಲಿಲ್ಲ. ಅವರು ‘ಅಲ್ಲ’ ಎನ್ನಲಾಗದ ದಿನದವರೆಗೆ ಕಾದು ಈಗ ಬರೆಯುತ್ತಿದ್ದೀರಿ. ಇದಕ್ಕೆ ನಿಮ್ಮ ಪುಸ್ತಕಗಳಲ್ಲಿ ಯಾವ ಹೆಸರಿದೆ?

ಚಿಕ್ಕ ಫ್ರೇಮು ಅವರಿಗೆ ಇಷ್ಟವಿದ್ದಿರಬಹುದು. ಬಾಟಲಿಯ ಪಟ್ಟಿಯನ್ನು ಆಮೇಲೆ ಯಾರೋ ಹಾಕಿರಬಹುದು. ಗೆರೆಗಳು ಗೆರೆಗಳು. ನನ್ನ ಬಾಲ್ಯವೆಲ್ಲ ಆ ಗೆಲುವಿನ ಕೆಳಗೆ ಕಳೆದಿದೆ. ನಾನು ‘ವೆಂದ್ರಾಮಿನ್ನನ ಮಗಳು’ ಎಂದು ಬೇಕರಿಯವನು ಒಂದು ಬ್ರೆಡ್ಡು ಹೆಚ್ಚು ಕೊಡುತ್ತಿದ್ದ. ವೈದ್ಯರು ಅಪ್ಪನಿಗೆ ಹೆಚ್ಚು ಸಮಯ ಹೇಳಿಲ್ಲ. ಮೇ ತಿಂಗಳು ಅವರಿಗೆ ಸಿಕ್ಕರೆ ದೊಡ್ಡದು. ಅದರ ಮೇಲೆ ನಿಮ್ಮ ಎರಡು ಸಾಲನ್ನು ಅಂಟಿಸಬೇಕೇ?

ನಿಮ್ಮ ಬಳಿ ನೆನಪಲ್ಲದೆ ಬೇರೇನಾದರೂ ಸಾಕ್ಷಿ ಇದ್ದರೆ ಹೇಳಿ. ಇಲ್ಲದಿದ್ದರೆ ಸಾಕು ಮಾಡಿ.

ಮಿರೆಲ್ಲಾ ವೆಂದ್ರಾಮಿನ್


ರೋವೀಗೋ, ಫೆಬ್ರುವರಿ 2, 2009

ಶ್ರೀಮತಿ ಮಿರೆಲ್ಲಾ ಅವರಿಗೆ,

ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ನೀರಾಳು ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವನು ಕೆಟ್ಟ ನೀರಾಳು. ನಾನು ಚೆನ್ನಾಗಿ ಮಾಡುತ್ತಿದ್ದ ಕೆಲಸ ಅದೊಂದೇ ಆಗಿತ್ತು, ಅದನ್ನೂ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಅವನೇ ಒಂದು ದಿನ ಹೇಳುತ್ತಾನೆ ಎಂದು ಕಾದೆ. ಗೆದ್ದವರಿಗೆ ವಯಸ್ಸಾದ ಮೇಲೆ ಉದಾರತೆ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಪುಸ್ತಕಗಳು ಹೇಳುವುದೆಲ್ಲ ನಿಜವಲ್ಲ.

ಅವನೆದುರು ಹೇಳಲಿಲ್ಲ ಎಂದಿರಿ. ಅದಕ್ಕೇ ಕಳೆದ ಗುರುವಾರ ರೈಲು ಹತ್ತಿ ಬಂದೆ. ನಿಮಗೆ ತಿಳಿಸದೆ ಬಂದದ್ದಕ್ಕೆ ಕ್ಷಮಿಸಿ. ಆಶ್ರಮದಲ್ಲಿ ಅವನು ಕಿಟಕಿಯ ಬಳಿ ಕೂತಿದ್ದ, ಮಂಡಿಯ ಮೇಲೆ ಕಂಬಳಿ. ಆ ತೊಡೆಗಳು ಎಲ್ಲಿ ಹೋದವೋ. ದಾದಿ ಕಿವಿಯ ಹತ್ತಿರ ಕೂಗಿದಳು: “ಅಜ್ಜ, ನೋಡಿ ಯಾರು ಬಂದಿದ್ದಾರೆ! ನಿಮ್ಮ ಹಳೇ ಸ್ನೇಹಿತ್ರು!”

ಅವನು ನನ್ನ ಕಿವಿಗಳನ್ನು ನೋಡಿದ. ಆಮೇಲೆ ಮುಖವನ್ನು. ಗುರುತು ಹಿಡಿದ, ಅದರಲ್ಲಿ ಅನುಮಾನವಿಲ್ಲ. ನಾನು ರೈಲಿನುದ್ದಕ್ಕೂ ಹೊಂದಿಸಿಕೊಂಡ ಮಾತುಗಳಿಗೆ ಬಾಯಿ ತೆರೆಯುವಷ್ಟರಲ್ಲಿ ಅವನು ಗದ್ದ ಎತ್ತಿ ಹೇಳಿದ:

“ನೀರು.”

ದಾದಿ ನಕ್ಕಳು. “ಎಲ್ಲರಿಗೂ ಅದೇ ಹೇಳ್ತಾರೆ, ತಪ್ಪು ತಿಳ್ಕೋಬೇಡಿ.”

ನಿಮಗೆ ಯಾರೂ ಹೇಳಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅದು ಬಾಯಾರಿಕೆಯಲ್ಲ. ಅವನು ನಮ್ಮನ್ನು ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ, ‘ನೀರು’ ಎಂದು ಕೂಗುತ್ತಿದ್ದ. ಸವಾರರ ಸಾಲಿನ ಹಿಂದಿನ ತುದಿಯವರೆಗೂ ಕೇಳಿಸುತ್ತಿತ್ತು. ಆ ಕೂಗಿಗೆ ನಾವು ಮುಂದೆ ಬರುತ್ತಿದ್ದೆವು. ಅವನ ಮಾತುಗಳೆಲ್ಲ ಹೋಗಿ ಅದೊಂದು ಉಳಿದಿದೆ. ನಲವತ್ತಾರು ವರ್ಷ ಒಂದು ಮಾತಿಗೆ ಕಾದಿದ್ದೆನಲ್ಲ, ಸಿಕ್ಕ ಮಾತು ಅದು.

ನಾನೇನು ಮಾಡಿದೆ ಗೊತ್ತೇ? ಎದ್ದೆ. ಮೂಲೆಯ ಹೂಜಿಯಿಂದ ಲೋಟ ತುಂಬಿ ತಂದು ಕೊಟ್ಟೆ. ಕಾಲು ತಾನಾಗಿ ಎದ್ದಿತು. ಅವನು ಕುಡಿದ. ದಾದಿಗೆ ಆಶ್ಚರ್ಯ: “ಅರೆ, ಯಾರ ಕೈಯಿಂದಲೂ ಕುಡಿಯೋದಿಲ್ಲ ಇವ್ರು!” ನಾನು ಹ್ಯಾಟು ತೆಗೆದುಕೊಂಡು ಹೊರಟುಬಂದೆ. ವಾಪಸು ರೈಲಿನಲ್ಲಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಈಗ ಸಾಕ್ಷಿ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ನನ್ನ ಮಾತನ್ನು ಮಾತೆಂದೇ ಯಾರಾದರೂ ನಂಬಲಿ ಎಂಬ ಆಸೆ.

ಪೆಡಲಿನ ಇರುಸು ಕೂರುವ ಅಡ್ಡ ಕೊಳವೆಯ ಹೊಟ್ಟೆಯ ಕೆಳಗೆ, ನೆಲಕ್ಕೆ ಮುಖ ಮಾಡಿದ ಕಡೆ, ಬೇಪಿ ತನ್ನ ಪ್ರತಿ ಫ್ರೇಮಿಗೂ ಸವಾರನ ಹೆಸರಿನ ಮೊದಲಕ್ಷರಗಳೆರಡನ್ನು ಉಳಿಯಿಂದ ಕುಟ್ಟುತ್ತಿದ್ದ. ತಂಡದವರಿಗೂ ಹೇಳುತ್ತಿರಲಿಲ್ಲ. ನನಗೆ ಗೊತ್ತಾದದ್ದು ಅವನ ಕೋಣೆಯಲ್ಲಿ ನನ್ನ ಫ್ರೇಮು ತಲೆಕೆಳಗಾಗಿ ನೇತಾಡುತ್ತಿದ್ದಾಗ. “ಮೇಲ್ಗಡೆ ಮಿಲಾನಿನವರು ಬರ್ಕೊಳ್ಳಲಿ, ಕೆಳಗಡೆ ಬರೆಯೋನು ನಾನು” ಅಂದ. ಆ ಜಾಗ ಯಾರೂ ನೋಡುವುದಿಲ್ಲವೆಂದು ಅರ ಕೂಡ ಹಾಕುತ್ತಿರಲಿಲ್ಲ. ಎರಕದ ಒರಟು ಹಾಗೇ, ಕಿತ್ತಳೆ ಸಿಪ್ಪೆಯಂತೆ, ಇರುತ್ತಿತ್ತು. ಮೇಲೆ ದಪ್ಪ ಬಣ್ಣ. ಓರೆಸ್ತೆಗೆ ಇದು ಗೊತ್ತಿರಲಿಲ್ಲ, ಆದ್ದರಿಂದ ಅಳಿಸಿರಲಾರ.

ಹೇಗೂ ಬಣ್ಣ ತೆಗೆಸುತ್ತೀರಿ. ತೆಗೆಸಿದ ದಿನ ಅಲ್ಲಿ ಬೆರಳಾಡಿಸಿ. ನನ್ನ ಅಕ್ಷರಗಳಿಲ್ಲದಿದ್ದರೆ ಇನ್ನು ನಿಮಗೆ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಈ ಗುರುತಿನ ವಿಷಯ ಈಗ ಬದುಕಿರುವವರಲ್ಲಿ ನನಗೂ ನಿಮಗೂ ಮಾತ್ರ ಗೊತ್ತು. ಮೊದಲು ನೋಡುವವರು ನೀವೇ ಆಗಲಿ. ನಿಮ್ಮನ್ನು ನಂಬುತ್ತೇನೆ. ಕರಡು ತಿದ್ದುವವನು ಯಾರನ್ನೂ ನಂಬಬಾರದು ಎಂಬ ಪಾಠವನ್ನು ನಿಮಗಾಗಿ ಮುರಿಯುತ್ತಿದ್ದೇನೆ.

ದುಯಿಲಿಯೋ ಝಾಂಕೆಟ್ಟಾ

ಮರೆತ ಮಾತು: ವಿಚೆನ್ಸಾದ ಗೇರು ಆ ವರ್ಷದ್ದೇ, ಕೊಳ್ಳಿ. ಬ್ರೇಕು ಅದರ ಹಿಂದಿನ ವರ್ಷದ್ದು. ಹ್ಯಾಂಡಲ್ಲಿಗೆ ಬಿಳಿ ಹತ್ತಿಯ ಪಟ್ಟಿ, ಪ್ಲಾಸ್ಟಿಕ್ಕಿನದು ಬೇಡ.


ರೋವೀಗೋ, ಮಾರ್ಚ್ 15, 2009
(ಅಂಚೆ ಕಾರ್ಡು)

ಶ್ರೀಮತಿ ಮಿರೆಲ್ಲಾ ಅವರಿಗೆ,

ಬಣ್ಣ ತೆಗೆಸಿದಿರಾ?

ದು. ಝಾಂಕೆಟ್ಟಾ


ಬಸ್ಸಾನೋ, ಏಪ್ರಿಲ್ 22, 2009

ಮಾನ್ಯರೇ,

ಬಣ್ಣ ತೆಗೆಸಲಾಯಿತು. ನೀವು ಹೇಳಿದ ಜಾಗದಲ್ಲಿ ಏನೂ ಇಲ್ಲ.

ಗೇರು, ಬ್ರೇಕು, ಪಟ್ಟಿಯ ವಿಷಯದಲ್ಲಿ ನಿಮ್ಮ ಸಲಹೆ ಉಪಯೋಗವಾಯಿತು. ವಂದನೆಗಳು. ಮೇ 16ರ ಸಮಾರಂಭದ ಆಹ್ವಾನಪತ್ರಿಕೆಯನ್ನು ಪುರಸಭೆಯವರು ತಂಡದ ಹಳೆಯ ಸದಸ್ಯರೆಲ್ಲರಿಗೂ ಕಳಿಸುತ್ತಿದ್ದಾರೆ, ನಿಮಗೂ ಬರಬಹುದು. ಇಷ್ಟು ದೂರದ ಪ್ರಯಾಣ ನಿಮ್ಮ ವಯಸ್ಸಿಗೆ ಕಷ್ಟವಾದೀತು ಎಂದು ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ.

ಮಿರೆಲ್ಲಾ ವೆಂದ್ರಾಮಿನ್


ರೋವೀಗೋ, ಮೇ 18, 2009

ಪ್ರಿಯ ಮಿರೆಲ್ಲಾ,

ಇನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಮಾತಿಗೆ ಒಂದು ಷರತ್ತಿತ್ತು. ಓದಿದರೆ ನಿನಗೇ ಗೊತ್ತಾಗುತ್ತದೆ.

ಪ್ರಯಾಣ ಕಷ್ಟವಾಗಲಿಲ್ಲ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ನಿಂತಿದ್ದೆ. ನೀನು ನೀಲಿ ಉಡುಪಿನಲ್ಲಿದ್ದೆ. ನನ್ನನ್ನು ನೋಡಿಯೂ ನೋಡದಂತಿದ್ದೆ.

ಸೈಕಲ್ಲು ಚೆನ್ನಾಗಿ ಬಂದಿದೆ ಎಂದು ಹೇಳಲೇಬೇಕು. ಕೆಂಪು ಸರಿಯಾದ ಕೆಂಪು. ಗೇರು ಸರಿ, ಹತ್ತಿಯ ಪಟ್ಟಿ ಸರಿ, ಚಕ್ರದ ಟಯರುಗಳನ್ನು ಅಂಟಿಸಿದವನಿಗೆ ಕೆಲಸ ಗೊತ್ತು. ಸೀಟಿನ ಕಂಬಿ ಹೊಸದು, ಗೆರೆಯಿಲ್ಲದ್ದು. ಅದನ್ನು ಎಷ್ಟು ಎತ್ತಿದ್ದಾರೆಂದರೆ ಬಾತುಕೋಳಿಯ ಕತ್ತಿನಂತೆ ಕಾಣುತ್ತಿತ್ತು. ಕೆಳಗಿನ ಫಲಕವನ್ನು ಕೊನೆಯವರೆಗೂ ಓದಿದೆ. ಅಲ್ಪವಿರಾಮಗಳೆಲ್ಲ ಸರಿಯಾದ ಜಾಗದಲ್ಲಿವೆ.

ಮೇಯರ್ ಸಾಹೇಬರ ಭಾಷಣದಲ್ಲಿ ನನಗೆ ಬಹಳ ಹಿಡಿಸಿದ್ದು, ‘ಹೆಸರಿಲ್ಲದೆ ದುಡಿದ ಆ ವಿನಮ್ರ ಜೊತೆಗಾರರಿಗೂ ನಮ್ಮ ನಮನ’ ಎಂಬ ಸಾಲು. ನಮಗೆ ಹೆಸರಿತ್ತು. ನಾವು ಕೇಳಿದ್ದು ಅದನ್ನೇ. ಈ ದೇಶ ಹೆಸರು ಕಿತ್ತುಕೊಂಡವರಿಗೆ ಹೆಸರಿಲ್ಲದವರು ಎಂಬ ಬಿರುದು ಕೊಡುತ್ತದೆ, ಆಮೇಲೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುತ್ತದೆ.

ಆಮೇಲೆ ನಿನ್ನ ಅಪ್ಪನ ಬಾಯಿಗೆ ಮೈಕು ಹಿಡಿದಿರಿ. ಅವನು “ನೀರು” ಅಂದ. ಸಭೆ ನಕ್ಕಿತು, ಪ್ರೀತಿಯಿಂದ. ಮೇಯರ್ ತಾವೇ ಲೋಟ ಕೊಟ್ಟರು. ಅವನು ಕುಡಿಯಲಿಲ್ಲ, ಜನರ ನಡುವೆ ಏನನ್ನೋ ಹುಡುಕುತ್ತಿದ್ದ. ಈ ಸಲ ನಾನು ಮುಂದೆ ಹೋಗಲಿಲ್ಲ. ಅದು ಸುಲಭವಾಗಿರಲಿಲ್ಲ ಎಂದು ನಿನಗೆ ಹೇಳಬೇಕೆನಿಸಿತು.

ಎಲ್ಲರೂ ವೈನು, ಹಂದಿಮಾಂಸದ ಕಡೆಗೆ ಹೋದ ಮೇಲೆ ನಾನು ಸೈಕಲ್ಲಿನ ಹತ್ತಿರ ಹೋಗಿ ಮಂಡಿಯೂರಿದೆ. ಕೈಯನ್ನು ಪೆಡಲಿನ ಕೊಳವೆಯ ಕೆಳಗೆ ತೂರಿಸಿದೆ. ಹಿಂದಿನಿಂದ ಯಾರೋ ಓಡಿ ಬಂದು ತೋಳು ಹಿಡಿದರು.

“ಅಯ್ಯೋ ಅಜ್ಜ, ಬಿದ್ರಾ?”

“ಇಲ್ಲ ಕಣಪ್ಪ,” ಅಂದೆ. “ನಾನು ಬಿದ್ದಿಲ್ಲ.”

“ಸರಿ ಸರಿ, ಬಿದ್ದಿಲ್ಲ. ಏಳಿ ಮೆಲ್ಲಗೆ.”

ಆ ಸಭಾಂಗಣದಲ್ಲಿ, ಅಷ್ಟು ಜನರ ನಡುವೆ, ನಾನು ಅದನ್ನು ಗಟ್ಟಿಯಾಗಿ ಹೇಳಿದೆ. ಕೇಳಿದವನು ತಲೆಯಾಡಿಸಿ ಒಪ್ಪಿಕೊಂಡ. ನನಗೆ ಸಿಕ್ಕ ಸಮಾರಂಭ ಅಷ್ಟು.

ಈಗ ನಿನ್ನ ಏಪ್ರಿಲ್ ಪತ್ರಕ್ಕೆ ಬರುತ್ತೇನೆ. ‘ಏನೂ ಇಲ್ಲ’ ಎಂದು ಬರೆದಿದ್ದೆ. ನಿಜ, ಏನೂ ಇಲ್ಲ. ಆ ಜಾಗ ಕನ್ನಡಿಯಷ್ಟು ನುಣುಪಾಗಿದೆ. ಎರಕದ ಒರಟೂ ಇಲ್ಲ, ಕಿತ್ತಳೆ ಸಿಪ್ಪೆಯೂ ಇಲ್ಲ. ಅದರ ಪಕ್ಕದ ಮೂಲೆಗಳನ್ನೂ ಮುಟ್ಟಿ ನೋಡಿದೆ, ಅಲ್ಲೆಲ್ಲ ಬೇಪಿಯ ಒರಟು ಹಾಗೇ ಇದೆ. ಹೊಟ್ಟೆಯ ಕೆಳಗೆ ಮಾತ್ರ, ಅಂಗೈಯಗಲದ ಜಾಗದಲ್ಲಿ, ಉಕ್ಕಿನ ಗುಂಡಿ ಮುಚ್ಚುವವರು ಮಾಡುವ ಹಾಗೆ ಯಾರೋ ಸೀಸ ಕರಗಿಸಿ ತುಂಬಿಸಿ, ಸಾವಕಾಶವಾಗಿ ಉಜ್ಜಿ, ಅದರ ಮೇಲೆ ಬಣ್ಣ ಹಾಕಿದ್ದಾರೆ. ನೆಲಕ್ಕೆ ಮುಖ ಮಾಡಿದ ಜಾಗಕ್ಕೆ ಅಷ್ಟು ಶ್ರಮ. ಬಣ್ಣದವನಿಗೆ ಅದು ತಾನಾಗಿ ಹೊಳೆಯುವ ಕೆಲಸವಲ್ಲ. ಯಾರೋ ಪಕ್ಕದಲ್ಲಿ ನಿಂತು, ಬೆರಳಿಟ್ಟು, ಇಲ್ಲಿ ಎಂದು ತೋರಿಸಿರಬೇಕು.

ಅಕ್ಷರ ಇಲ್ಲದ ಜಾಗವನ್ನು ಯಾರೂ ತುಂಬಿಸುವುದಿಲ್ಲ, ಮಿರೆಲ್ಲಾ.

ನೀನು ಅಲ್ಲಿ ಬೆರಳಾಡಿಸಿದೆ. ನನ್ನ ಹೆಸರನ್ನು ಓದಿದೆ. ಯಜಮಾನ, ಓರೆಸ್ತೆ, ಪತ್ರಿಕೆ, ನನ್ನ ಹೆಂಡತಿ ಕೂಡ, ಇವರ್ಯಾರೂ ನಾನು ಬೀಳಲಿಲ್ಲವೆಂದು ಯೋಚಿಸುವ ಕಷ್ಟ ತೆಗೆದುಕೊಳ್ಳಲಿಲ್ಲ. ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರೂ ನಕ್ಕರು. ನಾನು ಹೇಳಿದ್ದನ್ನು ಕೊನೆಯ ಅಕ್ಷರದವರೆಗೆ ನಂಬಿದವಳು ನೀನೊಬ್ಬಳೇ. ನಂಬಿದ್ದರಿಂದಲೇ ಸೀಸ ತರಿಸಿದೆ.

ಫಲಕವನ್ನು ಬದಲಾಯಿಸುವುದು ಬೇಡ. ಅವನು ಹೋದ ಮೇಲೂ ಬೇಡ. ಸೀಸ ಗಟ್ಟಿ ಕೂತಿದೆ, ಒಳ್ಳೆಯ ಕೆಲಸ.

ದುಯಿಲಿಯೋ